ಸಭಾಕಂಪ: ಒಂದು ಹಳೆಯ ರೋಗದ ಚರಿತ್ರೆ

ಕೆಲವು ತಿಂಗಳುಗಳ ಹಿಂದೆ, ಭಾನುವಾರದ ಬಲಿಪೂಜೆ ಮುಗಿದು ನಾನು ಸಕ್ರಿಸ್ತಿಯಲ್ಲಿ ಪೂಜಾವಸ್ತ್ರಗಳನ್ನು ಕಳಚುತ್ತಿದ್ದಾಗ, ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಬಾಗಿಲಲ್ಲಿ ಬಂದು ನಿಂತರು. ಆ ದಿನ ಎರಡನೆಯ ವಾಚನವನ್ನು ಓದಿದವರು ಅವರೇ. "ಫಾದರ್, ವಾಚಕರ ಪಟ್ಟಿಯಿಂದ ನನ್ನ ಹೆಸರನ್ನು ತೆಗೆದುಬಿಡಿ. ಇನ್ನು ನನ್ನಿಂದ ಆಗುವುದಿಲ್ಲ" ಎಂದರು. ಕಾರಣ ಕೇಳಿದೆ. ಓದುವಾಗ ಒಂದು ಸಾಲು ತಪ್ಪಿತಂತೆ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕಂತಾಯಿತಂತೆ. ಕಾಗದ ಹಿಡಿದ ಕೈ ಎಷ್ಟು ನಡುಗಿತೆಂದರೆ ಇಡೀ ದೇವಾಲಯವೇ ಅದನ್ನು ನೋಡಿತಂತೆ. ನಿಜ ಹೇಳಬೇಕೆಂದರೆ, ಅವರಿಂದ ಹತ್ತಡಿ ದೂರದಲ್ಲಿ ಕುಳಿತಿದ್ದ ನಾನು ಆ ನಡುಕವನ್ನೂ ಕಂಡಿರಲಿಲ್ಲ, ತಪ್ಪಿದ ಸಾಲನ್ನೂ ಗಮನಿಸಿರಲಿಲ್ಲ. ಅದನ್ನು ಹೇಳಿದರೆ ಅವರು ನಂಬಲಿಲ್ಲ. ನಾನು ಸಮಾಧಾನಕ್ಕಾಗಿ ಹೇಳುತ್ತಿದ್ದೇನೆಂದು ಭಾವಿಸಿ, ಕಣ್ಣೊರಸಿಕೊಂಡು ಹೊರಟುಹೋದರು.

ಅಂದಿನಿಂದ ಈ ವಿಷಯ ನನ್ನ ಮನಸ್ಸನ್ನು ಬಿಟ್ಟಿಲ್ಲ. ನಮ್ಮ ಹಿರಿಯರು ಇದಕ್ಕೆ ಸಭಾಕಂಪ ಎಂದು ಹೆಸರಿಟ್ಟಿದ್ದಾರೆ. ಎಷ್ಟು ಯಥಾರ್ಥವಾದ ಪದ! ಭಯ ಎನ್ನಲಿಲ್ಲ, ನಾಚಿಕೆ ಎನ್ನಲಿಲ್ಲ. ಸಭೆಯನ್ನು ಕಂಡೊಡನೆ ಮೈಯಲ್ಲಿ ಏನಾಗುತ್ತದೆಯೋ ಅದನ್ನೇ ಹೆಸರಾಗಿಸಿದರು. ಹೆಸರೇ ಇಷ್ಟು ಹಳೆಯದಾಗಿರುವಾಗ ರೋಗವಿನ್ನೆಷ್ಟು ಹಳೆಯದಿರಬೇಕು? ಉರಿಯುವ ಪೊದೆಯ ಮುಂದೆ ನಿಂತ ಮೋಶೆ ತನ್ನ ನಾಲಿಗೆ ಮಂದವೆಂದು ನೆಪ ಹೇಳಿ, ಕೊನೆಗೆ ಅಣ್ಣನಾದ ಆರೋನನನ್ನು ಮಾತಿಗಾಗಿ ಜೊತೆಗೆ ಪಡೆದುಕೊಂಡದ್ದು ನಮಗೆಲ್ಲ ತಿಳಿದದ್ದೇ. ಯೆರೆಮೀಯನೂ ತಾನಿನ್ನೂ ಬಾಲಕ, ಮಾತನಾಡಲು ಬಾರದು ಎಂದು ಹಿಂಜರಿದವನು. ಆದರೆ ಈ ಬಾರಿ ನಾನು ಹೇಳಬೇಕೆಂದಿರುವುದು ಪವಿತ್ರ ಗ್ರಂಥದ ಆಚೆಗಿನ ಚರಿತ್ರೆಯನ್ನು. ಮಾತನ್ನೇ ವೃತ್ತಿಯಾಗಿಸಿಕೊಂಡಿದ್ದ ಮಹನೀಯರು ಈ ನಡುಕವನ್ನು ಹೇಗೆ ಅನುಭವಿಸಿದರು, ಅದಕ್ಕೆ ಏನು ಮದ್ದು ಕಂಡುಕೊಂಡರು ಎಂಬುದನ್ನು.

ವಾಗ್ಮಿ ಎಂದೊಡನೆ ನೆನಪಿಗೆ ಬರುವ ಮೊದಲ ಹೆಸರು ಅಥೆನ್ಸಿನ ದೆಮೊಸ್ತನೀಸನದು (ಕ್ರಿ.ಪೂ. 384-322). ಜನಸಭೆಯ ಮುಂದೆ ಅವನು ಮಾಡಿದ ಮೊದಲ ಭಾಷಣ ಗದ್ದಲದಲ್ಲಿ, ನಗೆಯಲ್ಲಿ ಮುಳುಗಿತೆಂದು ಪ್ಲುಟಾರ್ಕ್ ಬರೆಯುತ್ತಾನೆ. ಧ್ವನಿ ಕ್ಷೀಣ, ಉಚ್ಚಾರ ಅಸ್ಪಷ್ಟ, ಉಸಿರು ಸಾಲದು. ಆಮೇಲಿನ ಕಥೆ ಶಾಲೆಯ ಮಕ್ಕಳಿಗೂ ಗೊತ್ತು: ಬಾಯಲ್ಲಿ ಬೆಣಚುಕಲ್ಲುಗಳನ್ನಿಟ್ಟುಕೊಂಡು ಮಾತನಾಡಿದ್ದು, ಏರುದಾರಿಯಲ್ಲಿ ಓಡುತ್ತ ಪದ್ಯಗಳನ್ನು ಹೇಳಿದ್ದು, ನೆಲಮಾಳಿಗೆಯ ಕೋಣೆಯಲ್ಲಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದು. ಹೊರಗೆ ಹೋಗುವ ಆಸೆಯೇ ಹುಟ್ಟದಿರಲೆಂದು ತಲೆಯ ಒಂದು ಪಾರ್ಶ್ವವನ್ನು ಮಾತ್ರ ಬೋಳಿಸಿಕೊಳ್ಳುತ್ತಿದ್ದನಂತೆ. ನಮ್ಮ ಉಪಾಧ್ಯಾಯರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅಭ್ಯಾಸದಿಂದ ಎಲ್ಲವೂ ಸಾಧ್ಯ ಎಂಬ ಪಾಠಕ್ಕೆ ಅಷ್ಟು ಸಾಕು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕ್ರಿ.ಪೂ. 346ರಲ್ಲಿ ಅಥೆನ್ಸು ಮ್ಯಾಸಿಡೋನಿಯದ ದೊರೆ ಫಿಲಿಪನ ಬಳಿಗೆ ಹತ್ತು ಮಂದಿ ರಾಯಭಾರಿಗಳನ್ನು ಕಳುಹಿಸಿತು. ಅವರಲ್ಲಿ ದೆಮೊಸ್ತನೀಸನೂ ಒಬ್ಬ. ಆಗ ಅವನಿಗೆ ನಲವತ್ತರ ಸಮೀಪ. ಗ್ರೀಸ್ ದೇಶವೇ ಬಲ್ಲ ಮಾತುಗಾರ. ಉಳಿದವರೆಲ್ಲ ಮಾತನಾಡಿದ ಮೇಲೆ ಅವನ ಸರದಿ ಬಂದಿತು. ಎಲ್ಲರೂ ಕಿವಿ ನಿಮಿರಿಸಿ ಕುಳಿತರು. ಪೀಠಿಕೆಯ ನಾಲ್ಕು ಮಾತುಗಳನ್ನು ತೊದಲಿ, ವಿಷಯಕ್ಕೆ ಬರುವಷ್ಟರಲ್ಲಿ ಅವನು ಥಟ್ಟನೆ ನಿಂತುಬಿಟ್ಟ. ಫಿಲಿಪನೇ ಧೈರ್ಯ ಹೇಳಿದನಂತೆ: ಇದೇನು ನಾಟಕದ ರಂಗವಲ್ಲ, ನಿಧಾನವಾಗಿ ನೆನಪಿಸಿಕೊಂಡು ಹೇಳು ಎಂಬ ಅರ್ಥದಲ್ಲಿ. ಮತ್ತೆ ಪ್ರಯತ್ನಿಸಿದ, ಮತ್ತೆ ಮಾತು ಕಟ್ಟಿತು. ಇದನ್ನು ನಮಗೆ ತಿಳಿಸಿದವನು ಈಸ್ಕಿನೀಸ್, ಅದೇ ರಾಯಭಾರದಲ್ಲಿದ್ದವನು, ಮುಂದೆ ದೆಮೊಸ್ತನೀಸನ ಬದ್ಧವೈರಿಯಾದವನು. ಆದಕಾರಣ ಅವನ ಮಾತಿನಲ್ಲಿ ಒಂದಿಷ್ಟು ಉಪ್ಪುಖಾರ ಸೇರಿರಬಹುದು. ಆದರೂ ಮೂರು ವರ್ಷಗಳ ತರುವಾಯ ತುಂಬಿದ ನ್ಯಾಯಸಭೆಯಲ್ಲಿ, ಉಳಿದ ರಾಯಭಾರಿಗಳಲ್ಲಿ ಹಲವರು ಬದುಕಿರುವಾಗಲೇ ಹೇಳಿದ ಸಂಗತಿ ಪೂರ್ತಿ ಕಟ್ಟುಕಥೆಯಾಗಿರಲಾರದು ಎಂಬುದು ನನ್ನ ಎಣಿಕೆ. ಬೆಣಚುಕಲ್ಲುಗಳು ಉಚ್ಚಾರವನ್ನು ತಿದ್ದಿದವು. ನಡುಕವನ್ನು ಬೇರುಸಹಿತ ಕೀಳಲಿಲ್ಲ.

ರೋಮಿನವರು ಈ ವಿಷಯದಲ್ಲಿ ಗ್ರೀಕರಿಗಿಂತ ಮುಚ್ಚುಮರೆಯಿಲ್ಲದವರು. ಸಿಸೆರೊ ಕ್ರಿ.ಪೂ. 55ರಲ್ಲಿ ವಾಗ್ಮಿಯನ್ನು ಕುರಿತು ಬರೆದ ಸಂವಾದಗ್ರಂಥದಲ್ಲಿ, ತನ್ನ ಹಿಂದಿನ ತಲೆಮಾರಿನ ಮಹಾವಾಗ್ಮಿ ಕ್ರಾಸಸನ ಬಾಯಲ್ಲಿ ಒಂದು ತಪ್ಪೊಪ್ಪಿಗೆಯನ್ನು ಹೇಳಿಸುತ್ತಾನೆ. ಭಾಷಣ ಆರಂಭಿಸುವಾಗ ತನ್ನ ಮುಖ ಬಿಳಿಚಿಕೊಳ್ಳುತ್ತದೆ, ಕೈಕಾಲುಗಳೆಲ್ಲ ಅದುರುತ್ತವೆ ಎಂದು ಕ್ರಾಸಸ್ ಹೇಳುತ್ತಾನೆ. ಎಳೆಯ ವಯಸ್ಸಿನಲ್ಲಿ ಒಂದು ಮೊಕದ್ದಮೆಯಲ್ಲಿ ಆಪಾದನೆ ಮಂಡಿಸಲು ಎದ್ದವನು ಎಷ್ಟು ಕಂಗೆಟ್ಟನೆಂದರೆ, ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಕರುಣೆಯಿಂದ ಅಂದಿನ ಕಲಾಪವನ್ನೇ ಮುಂದೂಡಿದನು. ಆ ಉಪಕಾರವನ್ನು ಕ್ರಾಸಸ್ ಜೀವಮಾನವಿಡೀ ಮರೆಯಲಿಲ್ಲ. ಇಲ್ಲಿಯೇ ಸಿಸೆರೊ ಒಂದು ಸೂಕ್ಷ್ಮವನ್ನು ಹೇಳುತ್ತಾನೆ: ಚೆನ್ನಾಗಿ ಮಾತನಾಡಬಲ್ಲವನಿಗೇ ಹೆಚ್ಚು ಭಯ, ಏಕೆಂದರೆ ಮಾತು ಎಷ್ಟು ಕಠಿಣವಾದ ಕೆಲಸವೆಂಬುದು ಅವನಿಗೆ ಗೊತ್ತು. ಏನೊಂದೂ ಅಳುಕಿಲ್ಲದೆ ಎದ್ದು ನಿಲ್ಲುವವನನ್ನು ಅವನು ನಾಚಿಕೆಗೆಟ್ಟವನ ಸಾಲಿಗೆ ಸೇರಿಸುತ್ತಾನೆ.

ಸಿಸೆರೊ ಸ್ವತಃ ಈ ಭಯದ ಬೆಲೆಯನ್ನು ತೆತ್ತವನು. ಕ್ರಿ.ಪೂ. 52ರಲ್ಲಿ ಅವನ ಮಿತ್ರ ಮಿಲೊ ಕ್ಲೋಡಿಯಸನ ಕೊಲೆಯ ಆಪಾದನೆಗೆ ಗುರಿಯಾದಾಗ, ದಂಗೆಯಾಗದಿರಲೆಂದು ಪಾಂಪೇ ನ್ಯಾಯಸಭೆಯ ಸುತ್ತ ಸೈನಿಕರನ್ನು ನಿಲ್ಲಿಸಿದ್ದನು. ತನ್ನ ವಕೀಲನ ಸ್ವಭಾವವನ್ನು ಅರಿತಿದ್ದ ಮಿಲೊ, ನ್ಯಾಯಾಧೀಶರು ಬಂದು ಕೂಡುವ ತನಕ ವಿಶ್ರಾಂತಿ ಪಡೆಯಲೆಂದು ಅವನನ್ನು ಮೊದಲೇ ಪಲ್ಲಕ್ಕಿಯಲ್ಲಿ ಕರೆತಂದಿದ್ದನಂತೆ. ಆದರೂ ಹೊಳೆಯುವ ಆಯುಧಗಳನ್ನು ಕಂಡು, ಕ್ಲೋಡಿಯಸನ ಕಡೆಯವರ ಕೂಗಾಟವನ್ನು ಕೇಳಿ ಸಿಸೆರೊನ ಧ್ವನಿ ಕುಗ್ಗಿಹೋಯಿತು. ಮಿಲೊ ಸೋತು ಮಸ್ಸಿಲಿಯಕ್ಕೆ, ಎಂದರೆ ಇಂದಿನ ಮಾರ್ಸೇಯ್ ನಗರಕ್ಕೆ, ಗಡೀಪಾರಾದನು. ಸಿಸೆರೊ ಆಮೇಲೆ ಮನೆಯಲ್ಲಿ ಕುಳಿತು ಅದೇ ಭಾಷಣವನ್ನು ಅದ್ಭುತವಾಗಿ ಬರೆದು ಮಿತ್ರನಿಗೆ ಕಳುಹಿಸಿದನು. ಓದಿದ ಮಿಲೊ, ಅಂದು ಹೀಗೆಯೇ ಮಾತನಾಡಿದ್ದರೆ ತನಗೆ ಈ ಊರಿನ ರುಚಿಯಾದ ಮೀನು ತಿನ್ನುವ ಭಾಗ್ಯ ಸಿಗುತ್ತಿರಲಿಲ್ಲವೆಂದು ಚುಚ್ಚಿ ಬರೆದನಂತೆ.

ಅವನ ಬಳಿಕ ಸುಮಾರು ಕ್ರಿ.ಶ. 95ರಲ್ಲಿ ಬರೆದ ಕ್ವಿಂಟಿಲಿಯನ್ ಎಂಬ ಶಿಕ್ಷಕನದು ಬೇರೆಯೇ ದೃಷ್ಟಿ. ಮಕ್ಕಳನ್ನು ಮನೆಯಲ್ಲಿ ಏಕಾಂತವಾಗಿ ಓದಿಸುವುದಕ್ಕಿಂತ ಶಾಲೆಗೆ ಕಳುಹಿಸುವುದೇ ಮೇಲೆಂದು ಅವನು ವಾದಿಸಿದನು. ನಾಳೆ ಜನರ ನಡುವೆ ನಿಂತು ಮಾತನಾಡಬೇಕಾದವನು ಚಿಕ್ಕಂದಿನಿಂದಲೇ ಜನರ ಮುಖಗಳಿಗೆ ಹೆದರದಿರಲು ಕಲಿಯಲಿ ಎಂಬುದು ಅವನ ಕಾರಣಗಳಲ್ಲೊಂದು. ಮಕ್ಕಳನ್ನು ಹೊರಗೆ ಬಿಡಲು ಹಿಂಜರಿಯುವ ತಂದೆತಾಯಂದಿರು ಈಗಲೂ ಯೋಚಿಸಬೇಕಾದ ಮಾತು.

ಇಲ್ಲಿ ನನ್ನದೊಂದು ಚಿಕ್ಕ ಸಂಗತಿಯನ್ನು ಹೇಳಿಬಿಡುತ್ತೇನೆ. ಗುರುಮಠದಲ್ಲಿ ದೇವಶಾಸ್ತ್ರ ಓದುತ್ತಿದ್ದಾಗ ನಮಗೆ ಪ್ರಬೋಧನೆಯ ತರಗತಿಯಿತ್ತು. ಪ್ರತಿಯೊಬ್ಬನೂ ಸಹಪಾಠಿಗಳ ಮುಂದೆ ಎಂಟು ನಿಮಿಷಗಳ ಪ್ರಬೋಧನೆ ನೀಡಬೇಕು. ನಾನು ಮೂರು ವಾರ ಮುಂಚೆಯೇ ಅಕ್ಷರಶಃ ಬರೆದು ಬಾಯಿಪಾಠ ಮಾಡಿದ್ದೆ. ಎರಡನೆಯ ವಾಕ್ಯಕ್ಕೆ ಎಲ್ಲವೂ ಮಾಯ. ಗಡಿಯಾರದ ಸದ್ದು ಮಾತ್ರ ಕೇಳುತ್ತಿತ್ತು. ಪ್ರಾಧ್ಯಾಪಕರು ಒಂದು ನಿಮಿಷ ಕಾದು, "ಕುಳಿತುಕೊಳ್ಳಿ, ಬ್ರದರ್, ಮುಂದಿನವರು ಬರಲಿ" ಎಂದರು. ಅಷ್ಟೇ. ಬೈಯಲಿಲ್ಲ, ಆದರೆ ಆ ಮೇಲೆಯೂ ಒಂದು ಮಾತಾಡಲಿಲ್ಲ. ಎರಡು ವರ್ಷ ನಾನು ಯಾವ ಸಭೆಯಲ್ಲಿಯೂ ಸ್ವಇಚ್ಛೆಯಿಂದ ಎದ್ದು ನಿಲ್ಲಲಿಲ್ಲ. ನನ್ನ ನೆರವಿಗೆ ಬಂದದ್ದು ಗ್ರಂಥಾಲಯದ ಮೂಲೆಯಲ್ಲಿ ಸಿಕ್ಕಿದ ಒಂದು ತೆಳುವಾದ ಪುಸ್ತಕ. ಅದನ್ನು ಬರೆದವರು ಸಂತ ಅಗಸ್ಟೀನರು.

ಅಗಸ್ಟೀನರು (354-430) ಮಾತಿನ ವ್ಯಾಪಾರದಲ್ಲಿಯೇ ಬೆಳೆದವರು. ಕಾರ್ಥೇಜ್, ರೋಮ್, ಮಿಲಾನ್ ನಗರಗಳಲ್ಲಿ ಅಲಂಕಾರಶಾಸ್ತ್ರದ ಅಧ್ಯಾಪಕರು. ಮಿಲಾನಿನಲ್ಲಿ, ಸುಮಾರು 385ರಲ್ಲಿ, ಸಾಮ್ರಾಟನ ಮುಂದೆ ಪ್ರಶಸ್ತಿಭಾಷಣ ಮಾಡಬೇಕಾದ ದಿನ ಬಂದಿತು. ಅದರಲ್ಲಿ ಬಹಳಷ್ಟು ಸುಳ್ಳು ಹೊಗಳಿಕೆ ಇರಬೇಕು, ಸುಳ್ಳೆಂದು ಬಲ್ಲವರೇ ಅದಕ್ಕೆ ಚಪ್ಪಾಳೆ ತಟ್ಟಬೇಕು. ಎದೆ ಡವಗುಟ್ಟುತ್ತ, ಚಿಂತೆಯ ಜ್ವರದಿಂದ ಬೇಯುತ್ತ ಬೀದಿಯಲ್ಲಿ ನಡೆಯುತ್ತಿದ್ದಾಗ ಒಬ್ಬ ಭಿಕ್ಷುಕ ಕಣ್ಣಿಗೆ ಬಿದ್ದನು. ಕುಡಿದು ನಲಿಯುತ್ತಿದ್ದಾನೆ, ನಗುತ್ತಿದ್ದಾನೆ! ಅವನಿಗೆ ನಾಲ್ಕು ಕಾಸಿಗೆ ದೊರೆತ ನೆಮ್ಮದಿ, ಇಷ್ಟೆಲ್ಲ ಓದಿದ ತನಗೆ ಇಲ್ಲವಲ್ಲ ಎಂದು ಅಗಸ್ಟೀನರು ಜೊತೆಗಿದ್ದ ಗೆಳೆಯರಿಗೆ ಹೇಳಿ ನಿಟ್ಟುಸಿರಿಟ್ಟರು. ಈ ಪ್ರಸಂಗವನ್ನು ಅವರು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ತಾವೇ ಬರೆದಿದ್ದಾರೆ. ಮುಂದಿನ ವರ್ಷದ ಬೇಸಿಗೆಯಲ್ಲಿ ಎದೆನೋವು ಕಾಡಿ, ಧ್ವನಿ ಒಡೆದು, ಅಧ್ಯಾಪಕ ವೃತ್ತಿಯನ್ನು ತೊರೆದರು. 391ರಲ್ಲಿ ಹಿಪ್ಪೋ ನಗರದ ಜನರು ಒತ್ತಾಯದಿಂದ ಅವರನ್ನು ಯಾಜಕರನ್ನಾಗಿ ಮಾಡಿಸಿದಾಗ, ಅಂಥ ಪಳಗಿದ ಮಾತುಗಾರರೂ ಪವಿತ್ರ ಗ್ರಂಥವನ್ನು ಅಭ್ಯಸಿಸಲು ಪಾಸ್ಖ ಹಬ್ಬದವರೆಗೆ ಕಾಲಾವಕಾಶ ಬೇಡಿ ಧರ್ಮಾಧ್ಯಕ್ಷರಾದ ವಲೇರಿಯಸರಿಗೆ ಪತ್ರ ಬರೆದರು. ಆ ಪತ್ರ ಇಂದಿಗೂ ಉಳಿದಿದೆ. ಸಿದ್ಧತೆಯಿಲ್ಲದೆ ಪೀಠ ಏರುವ ನಮ್ಮಂಥವರು ಅದನ್ನು ವರ್ಷಕ್ಕೊಮ್ಮೆಯಾದರೂ ಓದಬೇಕು.

ಈಗ ಆ ತೆಳು ಪುಸ್ತಕ. ಸುಮಾರು 400ನೆಯ ಇಸವಿಯಲ್ಲಿ ಕಾರ್ಥೇಜಿನ ಸೇವಾದರ್ಶಿ ದೇವೊಗ್ರಾತಿಯಾಸ್ ಎಂಬುವರು ಅಗಸ್ಟೀನರಿಗೆ ಓಲೆ ಬರೆದರು. ಕ್ರೈಸ್ತ ವಿಶ್ವಾಸವನ್ನು ಅರಿಯಲು ಹೊಸದಾಗಿ ಬರುವವರನ್ನು ಜನರು ಅವರ ಬಳಿಗೇ ಕರೆತರುತ್ತಿದ್ದರು; ಚೆನ್ನಾಗಿ ಬೋಧಿಸುತ್ತಾರೆಂಬ ಹೆಸರು ಅವರಿಗಿತ್ತು. ಆದರೆ ಅವರೊಳಗಿನ ಸಂಕಟವೇ ಬೇರೆ. ಎಲ್ಲಿಂದ ಆರಂಭಿಸಬೇಕು, ಎಲ್ಲಿ ಮುಗಿಸಬೇಕು ತಿಳಿಯದು. ಮಾತು ಉದ್ದವಾಗುತ್ತ ಹೋದಂತೆ ತಮಗೇ ಅದು ಸಪ್ಪೆಯೆನಿಸುತ್ತದೆ. ಕೇಳುವವರ ಗತಿ ಹೇಗೋ ಎಂದು ನಾಚಿಕೆಯಾಗುತ್ತದೆ. ಇದಕ್ಕೆ ಉತ್ತರವಾಗಿಯೇ ಅಗಸ್ಟೀನರು ಹೊಸಬರಿಗೆ ಬೋಧಿಸುವ ಬಗೆಯನ್ನು ಕುರಿತ ಆ ಪುಸ್ತಕವನ್ನು ಬರೆದರು.

ಉತ್ತರದ ಆರಂಭದಲ್ಲಿಯೇ ಅವರು ಉಪದೇಶ ಮಾಡುವುದಿಲ್ಲ. ತಮ್ಮ ಗುಟ್ಟನ್ನು ಬಿಚ್ಚಿಡುತ್ತಾರೆ. ತಮ್ಮ ಮಾತೂ ತಮಗೆ ಬಹುಮಟ್ಟಿಗೆ ಎಂದೂ ಹಿಡಿಸುವುದಿಲ್ಲವಂತೆ. ಏಕೆಂದರೆ ಅರಿವು ಮನಸ್ಸಿನಲ್ಲಿ ಮಿಂಚಿನಂತೆ ಒಮ್ಮೆಲೇ ಬೆಳಗುತ್ತದೆ. ಮಾತಾದರೋ ತೆವಳುತ್ತ ಬರುತ್ತದೆ. ಮಾತು ಬಂದು ಮುಟ್ಟುವಷ್ಟರಲ್ಲಿ ಆ ಮಿಂಚು ತನ್ನ ಮರೆಗೆ ಸರಿದಿರುತ್ತದೆ. ತನ್ನೊಳಗೆ ಕಂಡದ್ದಕ್ಕೂ ಬಾಯಿಂದ ಬಂದದ್ದಕ್ಕೂ ನಡುವಿನ ಅಂತರ ಮಾತನಾಡುವವನಿಗೆ ಮಾತ್ರ ಗೊತ್ತು. ಅದಕ್ಕಾಗಿಯೇ ಅವನಿಗೆ ಬೇಸರ. ಕೇಳುವವನಿಗೆ ಆ ಅಂತರ ಕಾಣುವುದಿಲ್ಲ, ಅವನ ಕೈಗೆ ಬಂದದ್ದಷ್ಟೇ ಅವನದು. ಅಗಸ್ಟೀನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಿಮ್ಮ ಬಳಿಗೆ ಜನರನ್ನು ಮತ್ತೆ ಮತ್ತೆ ಕರೆತರುತ್ತಿದ್ದಾರಲ್ಲವೇ, ನಿಮ್ಮ ಮಾತು ನಿಮಗೆ ತೋರುವಷ್ಟು ಕೆಟ್ಟದ್ದಲ್ಲ ಎಂಬುದಕ್ಕೆ ಇದೇ ಸಾಕ್ಷಿ ಎನ್ನುತ್ತಾರೆ.

ಗುರುಮಠದ ಆ ಮೂಲೆಯಲ್ಲಿ ಇದನ್ನು ಓದಿದಾಗ ನನ್ನ ಭುಜದ ಮೇಲೆ ಯಾರೋ ಕೈಯಿಟ್ಟಂತಾಯಿತು. ನನ್ನ ಬಗ್ಗೆ ತೀರ್ಪು ಕೊಡಲು ನಾನೇ ಅಯೋಗ್ಯ ನ್ಯಾಯಾಧೀಶ ಎಂಬುದು ಎಷ್ಟು ದೊಡ್ಡ ಬಿಡುಗಡೆ!

ಆ ಬಳಿಕ ಅಗಸ್ಟೀನರು ಬೋಧಕನ ಉತ್ಸಾಹ ಬತ್ತುವುದಕ್ಕೆ ಆರು ಕಾರಣಗಳನ್ನು ಗುರುತಿಸಿ ಒಂದೊಂದಕ್ಕೂ ಮದ್ದು ಹೇಳುತ್ತಾರೆ. ಎಲ್ಲವನ್ನೂ ಇಲ್ಲಿ ಹೇಳುವುದಿಲ್ಲ. ಎರಡನ್ನು ಮಾತ್ರ ಮರೆಯಲಾರೆ. ನೂರು ಸಲ ಹೇಳಿದ್ದನ್ನೇ ಹೇಳಬೇಕಾದ ಬೇಸರಕ್ಕೆ ಅವರು ಕೊಡುವ ಉಪಮೆ ಇದು: ನಮ್ಮ ಊರಿನ ಸುಂದರ ಸ್ಥಳಗಳನ್ನು ನಾವು ದಿನವೂ ನೋಡಿ ನೋಡಿ ಗಮನಿಸದೆ ಹಾದುಹೋಗುತ್ತೇವೆ, ಆದರೆ ಹೊಸ ಅತಿಥಿಯನ್ನು ಕರೆದುಕೊಂಡು ಹೋಗಿ ತೋರಿಸುವಾಗ, ಅವನ ಬೆರಗಿನಿಂದ ನಮಗೂ ಅದು ಹೊಸದಾಗುತ್ತದೆ. ಜೋಗಕ್ಕೆ ನೆಂಟರನ್ನು ಕರೆದೊಯ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು, ಕೇಳುವವನು ಆಕಳಿಸತೊಡಗಿದರೆ ಏನು ಮಾಡಬೇಕು? ಅವನನ್ನು ಗದರಿಸಬೇಡಿ ಎನ್ನುತ್ತಾರೆ. ಪಾಪ, ನಿಂತು ನಿಂತು ದಣಿದಿರಬಹುದು; ಕುಳ್ಳಿರಿಸಿ. ಏನಾದರೂ ಹಸನ್ಮುಖದ ಮಾತು ಹೇಳಿ. ಅಂದಿನ ಆಫ್ರಿಕದ ಧರ್ಮಸಭೆಯಲ್ಲಿ ಜನರು ನಿಂತೇ ಕೇಳುತ್ತಿದ್ದರು. ಸಮುದ್ರದಾಚೆಯ ಕೆಲವು ಸಭೆಗಳಲ್ಲಿ ಕೂರುವ ವಾಡಿಕೆಯಿದೆ, ಅದೇ ಒಳ್ಳೆಯದೆಂದು ಅವರು ಬರೆಯುತ್ತಾರೆ. ಗಮನಿಸಿ: ಭಯದ ಮದ್ದನ್ನು ಅವರು ಮಾತನಾಡುವವನ ಒಳಗೆ ಹುಡುಕುವುದಿಲ್ಲ. ಅವನ ದೃಷ್ಟಿಯನ್ನು ತನ್ನಿಂದ ತೆಗೆದು ಎದುರು ನಿಂತವನ ಕಾಲುನೋವಿನ ಕಡೆಗೆ ತಿರುಗಿಸುತ್ತಾರೆ.

ಅದೇ ಕಾಲದವರಾದ, ಸ್ವರ್ಣಮುಖರೆಂದೇ ಹೆಸರಾದ ಸಂತ ಕ್ರಿಸೊಸ್ತೊಮರು ಯಾಜಕತ್ವವನ್ನು ಕುರಿತ ತಮ್ಮ ಗ್ರಂಥದಲ್ಲಿ ಈ ಭಯದ ಬೇರನ್ನು ಇನ್ನಷ್ಟು ನಿಷ್ಠುರವಾಗಿ ಅಗೆದಿದ್ದಾರೆ. ಜನರು ಪ್ರಬೋಧನೆಗೆ ಪಂದ್ಯ ನೋಡುವವರಂತೆ ಬರುತ್ತಾರೆ. ಕಳೆದ ವಾರಕ್ಕಿಂತ ಈ ವಾರ ಕಡಿಮೆಯಾದರೆ ಕ್ಷಮಿಸುವುದಿಲ್ಲ. ಆದ್ದರಿಂದ ಹೊಗಳಿಕೆಯ ಹಸಿವನ್ನು ಗೆಲ್ಲದ ಹೊರತು ಬೋಧಕನಿಗೆ ನೆಮ್ಮದಿಯಿಲ್ಲ ಎಂಬುದು ಅವರ ನಿಲುವು. ಮಾತು ಸತ್ಯ, ಆದರೆ ಸಕ್ರಿಸ್ತಿಯ ಬಾಗಿಲಲ್ಲಿ ಕಣ್ಣೀರಿಡುತ್ತಿದ್ದ ಆ ತಾಯಿಗೆ ನಾನು ಇದನ್ನು ಹೇಳಲಾರೆ. ಅವರಿಗಿದ್ದದ್ದು ಹೊಗಳಿಕೆಯ ಹಸಿವಲ್ಲ.

ಸಂತ ಫ್ರಾನ್ಸಿಸ್ ದೆ ಸಾಲ್ಸರು 1604ರ ಅಕ್ಟೋಬರಿನಲ್ಲಿ, ಹೊಸದಾಗಿ ಮಹಾಧರ್ಮಾಧ್ಯಕ್ಷರಾದ ಆಂದ್ರೆ ಫ್ರೆಮಿಯೊ ಅವರಿಗೆ ಪ್ರಬೋಧನೆಯ ಬಗ್ಗೆ ಬರೆದ ದೀರ್ಘ ಪತ್ರದಲ್ಲಿ, ಆಡಂಬರದ ಹಾವಭಾವ ಬೇಡ, ಅಳೆದು ಸುರಿದ ಅಲಂಕಾರ ಬೇಡ, ಹೃದಯ ಹೃದಯದೊಡನೆ ಮಾತನಾಡಲಿ ಎಂದು ಹೇಳಿದರು. ಅವರು ಎಳೆಯ ಯಾಜಕರಾಗಿದ್ದಾಗ, ವಾರದ ದಿನಗಳಲ್ಲೂ ಅವರ ಪ್ರಬೋಧನೆಗೆ ಗಂಟೆ ಬಾರಿಸುವುದನ್ನು ಕೇಳಿ ಕೇಳಿ ಅವರ ತಂದೆಗೇ ಬೇಸರವಾಗಿತ್ತಂತೆ. ತಮ್ಮ ಕಾಲದಲ್ಲಿ ಪ್ರಬೋಧನೆಗಳು ಅಪರೂಪ, ಆದರೆ ಅವುಗಳಲ್ಲಿ ಗ್ರೀಕ್, ಲತೀನ್ ತುಂಬಿರುತ್ತಿತ್ತು, ನಿನ್ನದರಲ್ಲಿ ಏನೂ ಇಲ್ಲವಲ್ಲ ಎಂದು ಮಗನನ್ನು ಆಕ್ಷೇಪಿಸುತ್ತಿದ್ದರಂತೆ. ಮನೆಯವರ ಟೀಕೆಗಿಂತ ದೊಡ್ಡ ಸಭಾಕಂಪ ಬೇರೊಂದಿಲ್ಲ. ಇನ್ನು ಆರ್ಸ್ ಗ್ರಾಮದ ಗುರು ಸಂತ ಜಾನ್ ಮರಿಯ ವಿಯಾನ್ನಿಯವರು 1818ರಲ್ಲಿ ಆ ಹಳ್ಳಿಗೆ ಬಂದ ಮೇಲೆ, ಮೊದಲ ವರ್ಷಗಳಲ್ಲಿ ಪುಸ್ತಕಗಳಿಂದ ಪ್ರಬೋಧನೆಗಳನ್ನು ಬರೆದುಕೊಂಡು ರಾತ್ರಿಯಿಡೀ ಸಕ್ರಿಸ್ತಿಯಲ್ಲಿ ಬಾಯಿಪಾಠ ಮಾಡುತ್ತಿದ್ದರು. ಒಮ್ಮೊಮ್ಮೆ ನಡುವೆ ಮರೆತುಹೋಗಿ, ಪೂರ್ತಿ ಮಾಡದೆ ಪೀಠದಿಂದ ಇಳಿದು ಬಂದದ್ದೂ ಉಂಟು. ಮುಂದೆ ಅವರ ಮಾತು ಕೇಳಲು ಸಹಸ್ರಾರು ಜನ ಬಂದಾಗ ಅವರು ಬಾಯಿಪಾಠವನ್ನು ಕೈಬಿಟ್ಟು ಬಹುಕಾಲವಾಗಿತ್ತು.

ಆದರೆ ಅಗಸ್ಟೀನರ ಮಾತಿಗೆ ನಾನು ಕಂಡ ಅತ್ಯಂತ ಸೊಗಸಾದ ಪುರಾವೆ ಸಂತರ ಚರಿತ್ರೆಯಲ್ಲಿ ಇಲ್ಲ, ಗಾಂಧೀಜಿಯವರ ಬಾಳಿನಲ್ಲಿದೆ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಓದುತ್ತಿದ್ದಾಗ ಅವರು ಸಸ್ಯಾಹಾರಿಗಳ ಸಂಘದ ಕಾರ್ಯಸಮಿತಿಗೆ ಚುನಾಯಿತರಾದರು. ಆದರೆ ಸಭೆಗಳಲ್ಲಿ ಬಾಯಿ ಬಿಡುತ್ತಿರಲಿಲ್ಲ. ಡಾಕ್ಟರ್ ಅಲಿನ್ಸನ್ ಎಂಬುವರನ್ನು ಸಂಘದಿಂದ ತೆಗೆಯಬೇಕೆಂಬ ಪ್ರಶ್ನೆ ಬಂದಾಗ, ಅದು ಅನ್ಯಾಯವೆಂದು ಕಂಡುದರಿಂದ ತಮ್ಮ ಅಭಿಪ್ರಾಯವನ್ನು ಬರೆದು ತಂದರು. ಓದಲು ಧೈರ್ಯವಾಗದೆ ಬೇರೆಯವರಿಂದ ಓದಿಸಿದರು. ವೆಂಟ್ನರ್ ಎಂಬ ಊರಿನ ಸಭೆಯೊಂದರಲ್ಲಿ ಒಂದು ಹಾಳೆಯನ್ನೂ ಮೀರದ ಭಾಷಣವನ್ನು ಹಿಡಿದು ಎದ್ದಾಗ ಕಣ್ಣು ಮಂಜಾಯಿತು, ಮೈ ನಡುಗಿತು. ಅದನ್ನು ಗೆಳೆಯ ಮಜುಮ್ದಾರರು ಓದಬೇಕಾಯಿತು. 1891ರ ಜೂನಿನಲ್ಲಿ ತಾಯ್ನಾಡಿಗೆ ಹೊರಡುವ ಮುನ್ನ ಹಾಲ್ಬರ್ನ್ ರೆಸ್ಟೋರೆಂಟಿನಲ್ಲಿ ಗೆಳೆಯರಿಗೆ ಊಟ ಏರ್ಪಡಿಸಿದರು. ಭಾಷಣದ ಮೊದಲಿಗೆ ಒಂದು ಹಾಸ್ಯಪ್ರಸಂಗವನ್ನು ಯೋಜಿಸಿಕೊಂಡಿದ್ದರು. ಅದೂ ಮಾತು ಮರೆತು ಕುಳಿತ ಒಬ್ಬ ಇಂಗ್ಲಿಷ್ ಲೇಖಕನನ್ನು ಕುರಿತದ್ದೇ! ಮೊದಲ ವಾಕ್ಯದ ಬಳಿಕ ಎಲ್ಲವೂ ಮರೆತುಹೋಗಿ, ಬಂದವರಿಗೆ ವಂದನೆ ಹೇಳಿ ಕುಳಿತುಬಿಟ್ಟೆ ಎಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ.

ಅದೇ ಭೋಜನಕೂಟದ ವರದಿ ಆ ದಿನಗಳ 'ವೆಜಿಟೇರಿಯನ್' ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅದರಲ್ಲಿ ಏನಿದೆ? ಶ್ರೀ ಗಾಂಧಿಯವರು ಕೊಂಚ ಅಳುಕಿನಿಂದಲೇ ಆದರೂ ಬಹು ಸೊಗಸಾದ ಭಾಷಣದಲ್ಲಿ ಎಲ್ಲರನ್ನೂ ಸ್ವಾಗತಿಸಿದರು, ಸಸ್ಯಾಹಾರವು ಇಂಗ್ಲೆಂಡಿನಲ್ಲಿ ಹಬ್ಬುತ್ತಿರುವುದಕ್ಕೆ ಸಂತೋಷಪಟ್ಟರು, ಸಂಘದೊಡನೆ ತಮ್ಮ ನಂಟು ಬೆಳೆದ ಬಗೆಯನ್ನು ಹೇಳಿದರು, ಮಿತ್ರ ಓಲ್ಡ್‌ಫೀಲ್ಡರ ಉಪಕಾರವನ್ನು ಮನಮುಟ್ಟುವಂತೆ ಸ್ಮರಿಸಿದರು ಎಂಬುದು ಆ ವರದಿಯ ಸಾರಾಂಶ. ಒಂದೇ ಸಂಜೆ, ಒಂದೇ ಭಾಷಣ. ಮಾತನಾಡಿದವರ ನೆನಪಿನಲ್ಲಿ ಅದು ಒಂದು ವಾಕ್ಯದ ಅವಮಾನ. ಕೇಳಿದವರ ಕಿವಿಯಲ್ಲಿ ಸೊಗಸಾದ ಮಾತು. ವರದಿಗಾರರು ಸೌಜನ್ಯದಿಂದ ಸ್ವಲ್ಪ ಹಿಗ್ಗಿಸಿರಬಹುದು, ನಿಜ. ಆದರೂ ಅಷ್ಟೊಂದು ವಿವರಗಳನ್ನು ಅವರು ಗಾಳಿಯಿಂದ ತಂದಿರಲಾರರು. ಸತ್ಯಕ್ಕಾಗಿ ಬದುಕಿದ ಗಾಂಧೀಜಿಯವರು ಸುಳ್ಳು ಬರೆಯಲಿಲ್ಲ. ಭಯವು ಅವರ ನೆನಪನ್ನು ತನ್ನ ಬಣ್ಣದಿಂದ ಬಳಿದುಬಿಟ್ಟಿತ್ತು.

ಭಾರತಕ್ಕೆ ಮರಳಿದ ಮೇಲೂ ಪಾಡು ಸುಧಾರಿಸಲಿಲ್ಲ. ಮುಂಬಯಿಯ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ಮೂವತ್ತು ರೂಪಾಯಿ ಶುಲ್ಕಕ್ಕೆ ಒಪ್ಪಿಕೊಂಡ ಮೊದಲ ಮೊಕದ್ದಮೆಯಲ್ಲಿ ಪಾಟೀಸವಾಲಿಗೆ ಎದ್ದು ನಿಂತಾಗ ತಲೆ ತಿರುಗಿ, ಒಂದು ಪ್ರಶ್ನೆಯೂ ಹೊಳೆಯದೆ, ಬೇರೆ ವಕೀಲರನ್ನು ಗೊತ್ತುಮಾಡಿಕೊಳ್ಳಲು ಹೇಳಿ ಹೊರನಡೆದರು. ಬದಲಾವಣೆ ಕಂಡದ್ದು 1893ರಲ್ಲಿ, ಪ್ರಿಟೋರಿಯದಲ್ಲಿ. ಅಲ್ಲಿನ ಭಾರತೀಯ ವರ್ತಕರ ಮುಂದೆ, ವ್ಯಾಪಾರದಲ್ಲಿ ಸತ್ಯವಾಗಿರುವ ಬಗ್ಗೆ ಅವರು ಮಾತನಾಡಿದರು. ತಮ್ಮ ಬಾಳಿನ ಮೊದಲ ಸಾರ್ವಜನಿಕ ಭಾಷಣವೆಂದು ಅದನ್ನೇ ಕರೆದಿದ್ದಾರೆ. ನಡುವೆ ಆದದ್ದಾದರೂ ಏನು? ಧ್ವನಿ ಬದಲಾಗಿರಲಿಲ್ಲ, ನಾಚಿಕೆಯೂ ಹೋಗಿರಲಿಲ್ಲ. ಆದರೆ ರೈಲಿನಿಂದ ಹೊರದಬ್ಬಿಸಿಕೊಂಡಿದ್ದರು. ತಮ್ಮಂತೆಯೇ ಅಪಮಾನಕ್ಕೆ ಗುರಿಯಾದ ಜನರನ್ನು ಎದುರಿಗೆ ಕಂಡರು. ಹೇಳಲೇಬೇಕಾದದ್ದು ಈಗ ಒಂದಿತ್ತು. ಹಾಗೆಂದು ಭಯ ಪೂರ್ತಿ ಬಿಟ್ಟು ಹೋಯಿತೆಂದಲ್ಲ. 1896ರಲ್ಲಿ ಮುಂಬಯಿಯ ದೊಡ್ಡ ಸಭೆಯಲ್ಲಿ ಅವರ ಧ್ವನಿ ಮತ್ತೆ ನಡುಗಿ, ಬರೆದು ತಂದ ಭಾಷಣವನ್ನು ದಿನ್‌ಶಾ ವಾಚ್ಛಾ ಅವರು ಓದಿದರು. ಆ ನಾಚಿಕೆಯೇ ಮಾತಿನಲ್ಲಿ ಮಿತವ್ಯಯವನ್ನು ಕಲಿಸಿ ತಮ್ಮನ್ನು ಕಾಪಾಡಿತೆಂದು ಅವರು ಮುಂದೆ ಬರೆದರು. 1924ರ ಡಿಸೆಂಬರಿನಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿ ಬಂದವರು, ಮುಂಬಯಿಯ ನ್ಯಾಯಾಲಯದಿಂದ ಬಾಯಿಕಟ್ಟಿ ಹೊರನಡೆದ ಆ ಯುವಕರೇ.

ವಿಜ್ಞಾನಿಗಳು ಈ ವಿಷಯಕ್ಕೆ ಕೈಹಾಕಿದ್ದು ತೀರ ಈಚೆಗೆ. ಅಪಾಯ ಕಂಡಾಗ ದೇಹವು ಹೋರಾಡಲು ಇಲ್ಲವೇ ಓಡಲು ಸಜ್ಜಾಗುತ್ತದೆಂಬುದನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಎದೆ ಬಡಿಯುತ್ತದೆ, ಬಾಯಿ ಒಣಗುತ್ತದೆ. ಹುಲಿ ಎದುರಾದರೂ ಇದೇ, ಮೈಕ್ ಎದುರಾದರೂ ಇದೇ. ಉಸಿರನ್ನು ನಿಧಾನವಾಗಿ, ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಟ್ಟರೆ ಎದೆಬಡಿತ ಇಳಿಯುತ್ತದೆಂಬುದು ಹಿರಿಯರ ಅನುಭವವೂ ಹೌದು, ಶರೀರಶಾಸ್ತ್ರವೂ ಹೌದು. ಹೃದ್ರೋಗಕ್ಕಾಗಿ 1960ರ ದಶಕದಲ್ಲಿ ಬಂದ ಒಂದು ಬಗೆಯ ಗುಳಿಗೆಗಳು ವಾದ್ಯಗಾರರ ಕೈನಡುಕವನ್ನು ತಗ್ಗಿಸುತ್ತವೆಂದು 1977ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಇದನ್ನು ಓದಿ ಯಾರೂ ಔಷಧದ ಅಂಗಡಿಗೆ ಓಡಬಾರದು. ಉಬ್ಬಸವಿರುವವರಿಗೆ ಅವು ಅಪಾಯಕಾರಿ, ವೈದ್ಯರನ್ನು ಕೇಳದೆ ಮುಟ್ಟತಕ್ಕದ್ದಲ್ಲ.

ನನಗೆ ಹೆಚ್ಚು ಬೆರಗು ತಂದದ್ದು ಇನ್ನೊಂದು. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 2003ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಭಾಷಣ ಮಾಡಿದ ವಿದ್ಯಾರ್ಥಿಗಳು ತಮ್ಮ ಅಳುಕು ಎಲ್ಲರಿಗೂ ಕಾಣುತ್ತಿದೆಯೆಂದು ಎಣಿಸಿದ್ದರು. ನೋಡಿದವರಿಗೆ ಅದು ಅವರು ಎಣಿಸಿದಷ್ಟು ಕಂಡಿರಲೇ ಇಲ್ಲ. ಈ ಸಂಗತಿಯನ್ನು ಕೆಲವರಿಗೆ ಮೊದಲೇ ತಿಳಿಸಿ ಮಾತನಾಡಿಸಿದಾಗ, ಅವರ ಭಾಷಣ ಅವರಿಗೂ ಕೇಳಿದವರಿಗೂ ಉತ್ತಮವಾಗಿ ತೋರಿತು. ಒಳಗಿನದು ಹೊರಗೆ ಕಾಣುವುದಿಲ್ಲ ಎಂಬ ಅರಿವೊಂದೇ ಸಾಕಾಯಿತು. ಕಾರ್ಥೇಜಿನ ಸೇವಾದರ್ಶಿಗೆ ಬಂದ ಉತ್ತರ ಸಾವಿರದ ಆರುನೂರು ವರ್ಷಗಳ ಬಳಿಕ ಪ್ರಯೋಗಶಾಲೆಯಿಂದ ಮತ್ತೊಮ್ಮೆ ಹೊರಟಂತಾಯಿತು.

ನಮ್ಮ ದೇವಾಲಯಗಳಲ್ಲಿ ಈ ಭಯ ಶ್ರೀಸಾಮಾನ್ಯರ ಪಾಲಿಗೆ ಬಂದು ಇನ್ನೂ ಬಹುಕಾಲವಾಗಿಲ್ಲ ಎಂಬುದನ್ನೂ ನೆನೆಯಬೇಕು. 1963ರ ಡಿಸೆಂಬರಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯಲ್ಲಿ ತಾಯ್ನುಡಿಗೆ ಬಾಗಿಲು ತೆರೆಯುವ ತನಕ ವಾಚನಗಳು ಲತೀನಿನಲ್ಲಿದ್ದವು, ಓದುವವರು ಯಾಜಕರು. ಆಮೇಲೆ ಕನ್ನಡ ಬಂದಿತು, ಕನ್ನಡದೊಡನೆ ವಾಚಕರು ಬಂದರು. ವಾಚಕರ ಅಧಿಕೃತ ಸೇವೆಯನ್ನು ಸ್ತ್ರೀಯರಿಗೂ ತೆರೆದದ್ದು ಜಗದ್ಗುರು ಫ್ರಾನ್ಸಿಸರು, 2021ರ ಜನವರಿಯಲ್ಲಿ. ನಮ್ಮ ಅಜ್ಜಿಯರಿಗೆ ಎಂದೂ ದೊರೆಯದ ಸ್ಥಳದಲ್ಲಿ ನಿಂತಾಗ ಒಂದಿಷ್ಟು ನಡುಕ ಬಂದರೆ ಅದರಲ್ಲಿ ಆಶ್ಚರ್ಯವೇನು?

ಆ ತಾಯಿಯ ಮನೆಗೆ ಮುಂದಿನ ವಾರ ಹೋದೆ. ಕಾಫಿ ಕೊಟ್ಟರು, ವಾಚನದ ಮಾತನ್ನು ಎತ್ತಲಿಲ್ಲ. ನಾನೇ ಎತ್ತಿ, ಗುರುಮಠದಲ್ಲಿ ನಾನು ಬಾಯಿಕಟ್ಟಿ ಕುಳಿತದ್ದನ್ನು ಹೇಳಿದೆ. ಈ ಮೂವತ್ತು ವರ್ಷಗಳಲ್ಲಿ ಅದನ್ನು ಯಾರಿಗೂ ಹೇಳಿದ್ದಿಲ್ಲ. ಈಗಲೂ ಪ್ರತಿ ಭಾನುವಾರ ಶುಭಸಂದೇಶದ ಮೊದಲು ಅಂಗೈ ಬೆವರುತ್ತದೆಂದೂ, ಅದಕ್ಕಾಗಿಯೇ ಪ್ರಬೋಧನೆಯ ಮೊದಲ ವಾಕ್ಯವನ್ನು ಚೀಟಿಯಲ್ಲಿ ಬರೆದು ಪುಸ್ತಕದೊಳಗೆ ಇಟ್ಟಿರುತ್ತೇನೆಂದೂ ಹೇಳಿದೆ. ಅವರು ನನ್ನನ್ನು ಅಪನಂಬಿಕೆಯಿಂದ ನೋಡಿ, "ಹೌದಾ ಫಾದರ್? ನಮಗೆ ಯಾವತ್ತೂ ಗೊತ್ತೇ ಆಗಿಲ್ಲವಲ್ಲ!" ಎಂದರು. ಹಾಗೆಂದು ಒಂದು ಕ್ಷಣ ಸುಮ್ಮನಾದರು. ನಾನೂ ಸುಮ್ಮನಿದ್ದೆ, ಅಗಸ್ಟೀನರ ಮಾತನ್ನು ಅವರೇ ಹೇಳಿಬಿಟ್ಟಿದ್ದರು.

ಭಾನುವಾರಕ್ಕೆ ಅವರು ಒಪ್ಪಿಲ್ಲ. ವಾರದ ದಿನಗಳಲ್ಲಿ ಬೆಳಿಗ್ಗೆ ಆರೂವರೆಯ ಪೂಜೆಗೆ ನಮ್ಮಲ್ಲಿ ಹನ್ನೊಂದೋ ಹನ್ನೆರಡೋ ಜನ ಸೇರುತ್ತಾರೆ. ಬುಧವಾರಗಳಂದು ಅಲ್ಲಿ ಓದುತ್ತೇನೆಂದು ಹೇಳಿ, ವಾಚನದ ಹಾಳೆಯನ್ನು ಮುಂಚೆಯೇ ಕೇಳಿ ತೆಗೆದುಕೊಂಡು ಹೋಗಿದ್ದಾರೆ.